ಮೂರು ಗೀರಿನ ಕ್ಯಾಪು

ಗಾಡಿ ಕಣ್ಣಿಗೆ ಬೀಳುವ ಮೊದಲೇ ಬೈರಮ್ಮನಿಗೆ ಅದರ ಕೆಮ್ಮು ಕೇಳಿಸಿತು. ಅದೂ ಸಾರಕ್ಕಿ ಮಾರ್ಕೆಟ್ಟಿನ ಆ ಗದ್ದಲದಲ್ಲಿ! ಸೊಪ್ಪಿನವರ ಕೂಗು, ಬಸ್ಸಿನ ಹಾರ್ನು, ಎದುರುಗಡೆ ಜೆರಾಕ್ಸ್ ಅಂಗಡಿಯವನ ರೇಡಿಯೋ, ಇಷ್ಟರ ನಡುವೆಯೂ ಅವಳ ಕಿವಿ ಅದೊಂದನ್ನೇ ಹೆಕ್ಕಿಕೊಂಡಿತು. ನಾಲ್ಕು ಸಿಲಿಂಡರಿನ ಇಂಜಿನ್ನು. ಎರಡು ದುಡೀತಿವೆ, ಎರಡು ಸುಮ್ಮನೆ ಕೂತು ಉಣ್ಣುತ್ತಿವೆ. 'ಅರ್ಧ ಉಸಿರಲ್ಲಿ ಬರ್ತಿದೆಯಲ್ಲಪ್ಪ ಇದು' ಅಂದುಕೊಂಡು, ಬಿಚ್ಚುತ್ತಿದ್ದ ಲಗೇಜ್ ಆಟೋದ ಸೆಲ್ಫ್ ಮೋಟರನ್ನು ಪಕ್ಕಕ್ಕಿಟ್ಟು ತಲೆ ಎತ್ತಿದಳು.

ಕೆನೆ ಬಣ್ಣದ ಹಳೇ ಫಿಯಟ್ಟು. ಅರವತ್ತರ ದಶಕದ್ದು, ಸ್ಟೀರಿಂಗ್ ಪಕ್ಕದಲ್ಲೇ ಗೇರಿರೋದು. ಕೆನೆ ಬಣ್ಣದ ಫಿಯಟ್ಟುಗಳು ಬೆಂಗಳೂರಿನಲ್ಲಿ ಇನ್ನೂ ಹತ್ತಾರು ಇದ್ದಾವು. ಆದರೆ ಹಿಂದಿನ ಗಾಜಿಗೆ ಕೈಯಲ್ಲಿ ಹೊಲಿದ ಹಸಿರು ಪರದೆ, ಅಂಚಿಗೆ ಬಿಳೀ ದಾರದ ಕಸೂತಿ, ಅದು ಇರೋದು ಒಂದಕ್ಕೇ.

ಡ್ರೈವರ್ ಸೀಟಿನಿಂದ ಜೀನ್ಸ್ ತೊಟ್ಟ ಹುಡುಗಿ ಇಳಿದಳು. ಆ ಕಡೆ ಬಾಗಿಲಿನಿಂದ ಮೊದಲು ಊರುಗೋಲು ಇಳಿಯಿತು, ಆಮೇಲೆ ಮುದುಕ.

"ಇಲ್ಲಿ ಮೆಕ್ಯಾನಿಕ್ ಯಾರಮ್ಮ?"

ಆ ದನಿ! ಇಪ್ಪತ್ತೊಂದು ವರ್ಷಕ್ಕೆ ಕೂದಲು ಹೋಗಿದೆ, ಹಲ್ಲು ಹೋಗಿದೆ, ಬೆನ್ನು ಬಾಗಿದೆ. ದನಿಯಲ್ಲಿದ್ದ ಧಿಮಾಕು ಮಾತ್ರ ಒಂದು ಗುಂಜಿಯೂ ಇಳಿದಿಲ್ಲ. ಗುಂಡಣ್ಣ. ಜಯನಗರ ನಾಲ್ಕನೇ ಟಿ ಬ್ಲಾಕಿನ ಇಂಜಿನಿಯರ್ ಗುಂಡಣ್ಣ.

"ನಾನೇ ಸಾರ್" ಅಂದಳು ಬೈರಮ್ಮ.

"ನೀನಾ?" ಅವನು ಅವಳನ್ನು ಮೇಲಿನಿಂದ ಕೆಳಗಿನವರೆಗೂ ಅಳೆದ. ಸೀರೆಯ ಮೇಲೆ ಗಂಡಸರ ಖಾಕಿ ಶರಟು, ಉಗುರಿನ ಸಂದಿಯಲ್ಲಿ ಗ್ರೀಸು. "ವಿಭಾ, ಇದೆಲ್ಲಿಗೆ ಕರ್ಕೊಂಡ್ ಬಂದೆ ನನ್ನ?"

"ತಾತ, ಏಳು ಗ್ಯಾರೇಜ್ ಸುತ್ತಿದ್ದಾಯ್ತು. ಮ್ಯಾಪಲ್ಲಿ ಇವರ ಬಗ್ಗೆ ಎಲ್ಲರೂ ಒಳ್ಳೇದು ಬರ್ದಿದಾರೆ. ಇದೊಂದ್ ನೋಡೋಣ, ಪ್ಲೀಸ್" ಅಂದಳು ಮೊಮ್ಮಗಳು.

ಅವನಿಗೆ ಬೈರಮ್ಮನ ಗುರುತು ಸಿಗಲಿಲ್ಲ. ಸಿಗೋದಾದರೂ ಹೇಗೆ? ಆಗ ಅವಳು ಹಿಂದುಗಡೆ ಗೋಣಿ ಪರದೆಯ ಒಳಗೆ ಕೂತು ಪ್ಲಗ್ಗು ಉಜ್ಜುತ್ತಿದ್ದವಳು. ಮುಂದೆ ನಿಂತು ಗಿರಾಕಿಗಳ ಹತ್ತಿರ ಮಾತಾಡುತ್ತಿದ್ದವನು ಅವಳ ಗಂಡ ಸಂಜೀವಯ್ಯ.

ಆ ಕಾಲಕ್ಕೆ ಜಯನಗರ, ಬಸವನಗುಡಿ, ವಿಲ್ಸನ್ ಗಾರ್ಡನ್ನು, ಎಲ್ಲೆಲ್ಲಿ ಹಳೇ ಕಾರಿತ್ತೋ ಅಲ್ಲೆಲ್ಲ ಸಂಜೀವಯ್ಯನ ಹೆಸರಿತ್ತು. ಗುಂಡಣ್ಣ ಆಗ ಹಳೇ ಕಾರಿನವರೆಲ್ಲ ಸೇರಿ ಕಟ್ಟಿಕೊಂಡಿದ್ದ ಬಳಗಕ್ಕೆ ಕಾರ್ಯದರ್ಶಿ. ಅವನ ಫಿಯಟ್ಟು ಆಗಲೂ ಹೀಗೇ ಮಿಸ್ ಹೊಡೆಯುತ್ತಾ ಬಂದಿತ್ತು. ಸಂಜೀವಯ್ಯ ಬಿಚ್ಚಿ ನೋಡಿದ. ಕಿಡಿಯನ್ನು ನಾಲ್ಕು ಪ್ಲಗ್ಗಿಗೂ ಸರದಿ ಪ್ರಕಾರ ಹಂಚುವ ಡಿಸ್ಟ್ರಿಬ್ಯೂಟರ್ ಅಂತ ಒಂದು ಡಬ್ಬಿ ಇರುತ್ತಲ್ಲ, ಅದರ ಮುಚ್ಚಳ, ಅಂದರೆ ಕ್ಯಾಪು, ಒಳಗೆ ಸುಟ್ಟುಹೋಗಿತ್ತು. ಕರೀ ಕ್ಯಾಪು ತೆಗೆದು ಕಂದು ಬಣ್ಣದ ಹೊಸದು ಹಾಕಿದ. "ಕ್ಯಾಪ್ ಹೋಗಿತ್ತು ಸಾರ್" ಅಂದ, ಅಷ್ಟೇ. ಯಾಕೆ ಹೋಯಿತು ಅಂತ ಹೇಳಲಿಲ್ಲ. ಸುಟ್ಟ ಕ್ಯಾಪನ್ನು ಗಿರಾಕಿಗೆ ತೋರಿಸಲೂ ಇಲ್ಲ, ಗುಜರಿ ರಾಶಿಗೆ ಎಸೆದುಬಿಟ್ಟ. ಅವನು ಮಾಡಿದ ತಪ್ಪು ಅದೊಂದೇ.

ಅವತ್ತು ಊಟಕ್ಕೆ ಕೂತಾಗ ಬೈರಮ್ಮ ಕೇಳಿದ್ದಳು, ಯಾಕೆ ತೋರಿಸಲಿಲ್ಲ ಅಂತ.

"ಒಳಗೆಲ್ಲ ಕುಂಕುಮ ಕಣೆ" ಅಂದಿದ್ದ ಸಂಜೀವಯ್ಯ. "ಆಯುಧಪೂಜೆ ದಿನ ಕಿಡಿ ಹಾರೋ ಜಾಗಕ್ಕೇ ಒದ್ದೆ ಕುಂಕುಮ ಮೆತ್ತವ್ರೆ. ಅದು ಸುಟ್ಟು ಕರಿಯಾಗಿ, ಕಿಡಿ ಅದರ ಮೇಲೇ ಅಡ್ಡದಾರಿ ಹಿಡ್ಕೊಂಡು ಓಡ್ತಿದೆ. ನಿಮ್ಮ ಪೂಜೆಯಿಂದ್ಲೇ ಕೆಟ್ಟೋಯ್ತು ಅಂತ ದೊಡ್ಡೋರ ಮುಖಕ್ಕೆ ಹೆಂಗೆ ಹೇಳ್ಲಿ? ನೊಂದ್ಕೊಂತಾರೆ."

ದೊಡ್ಡೋರು ನೊಂದುಕೊಳ್ಳಲಿಲ್ಲ. ದೊಡ್ಡೋರು ಮನೆಗೆ ಹೋಗಿ ಬಾನೆಟ್ ಎತ್ತಿ, ಕರೀ ಕ್ಯಾಪಿನ ಜಾಗದಲ್ಲಿ ಕಂದು ಕ್ಯಾಪು ನೋಡಿ, ಬಳಗದ ಹೆಸರಲ್ಲಿ ಒಂದು ಸುತ್ತೋಲೆ ಹೊರಡಿಸಿದರು. 'ಸಾರಕ್ಕಿಯ ಸಂಜೀವಯ್ಯ ಎಂಬ ಮೆಕ್ಯಾನಿಕ್ ಅಸಲಿ ಬಿಡಿಭಾಗ ಕದ್ದು ನಕಲಿ ಹಾಕುತ್ತಾನೆ. ಸದಸ್ಯರು ಎಚ್ಚರದಿಂದಿರಬೇಕು.' ಕೆಳಗೆ ಗುಂಡಣ್ಣನ ಸಹಿ. ನಲವತ್ತು ಮನೆಗೆ ಹೋಯಿತು ಆ ಕಾಗದ. ಮಾರನೇ ವಾರದಿಂದ ಒಂದೇ ಒಂದು ಹಳೇ ಕಾರು ಈ ಬಾಗಿಲಿಗೆ ಬರಲಿಲ್ಲ.

ಸಂಜೀವಯ್ಯ ಮೂರು ದಿನ ಗುಜರಿ ರಾಶಿ ಕೆದಕಿ ಆ ಕರೀ ಕ್ಯಾಪನ್ನು ಹುಡುಕಿ ತೆಗೆದ. ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಗುಂಡಣ್ಣನ ಗೇಟಿಗೆ ಹೋದ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡೂವರೆವರೆಗೆ ಬಿಸಿಲಲ್ಲಿ ನಿಂತ. ಕೊನೆಗೆ ಬಾಲ್ಕನಿಯಿಂದ ಮಾತು ಬಂತು: "ಇನ್ನೂ ನಿಂತಿದೀಯೇನೋ? ಪೊಲೀಸ್ ಕರೀಲಾ?" ಡಬ್ಬಿಯ ಮುಚ್ಚಳ ತೆಗೆಯೋದಕ್ಕೂ ಬಿಡಲಿಲ್ಲ. ಸಂಜೀವಯ್ಯ ವಾಪಸ್ ಬಂದವನೇ, ಗಾಡಿಗಳ ಹೊಟ್ಟೆಗೆ ತುಕ್ಕು ಹಿಡಿಯದಿರಲಿ ಅಂತ ಬಳಿಯುವ ಡಾಂಬರು ಬಣ್ಣ ತೆಗೆದು, ಏಣಿ ಹತ್ತಿ, ಅಂಗಡಿ ಬೋರ್ಡಿನ ಮೇಲಿದ್ದ ತನ್ನ ಹೆಸರಿನ ಮೇಲೆ ತಾನೇ ಬಳಿದ. 'ಆಟೋ ಎಲೆಕ್ಟ್ರಿಕಲ್ಸ್' ಅನ್ನೋದು ಉಳಿಯಿತು, ಅದರ ಎಡಕ್ಕೆ, ಹೆಸರಿದ್ದ ಜಾಗದಲ್ಲಿ, ಒಂದು ಕರೀ ಪಟ್ಟಿ. ಆಮೇಲೆ ಗೊಟ್ಟಿಗೆರೆಯ ಯಾರದೋ ಸರ್ವಿಸ್ ಸ್ಟೇಷನ್ನಿನಲ್ಲಿ ಕಾರು ತೊಳೆಯೋಕೆ ಸೇರಿದ. ಆರು ವರ್ಷಕ್ಕೆ ಹೋಗಿಬಿಟ್ಟ. ಡಾಕ್ಟರು ಏನೋ ಒಂದು ಕಾಯಿಲೆ ಬರೆದರು. ಅದು ಯಾವ ಕಾಯಿಲೆ ಅಂತ ಬೈರಮ್ಮನಿಗೆ ಗೊತ್ತಿತ್ತು.

ಅಂಗಡಿಯನ್ನು ಅವಳೇ ಹಿಡಿದಳು. ಆಟೋ, ಟೆಂಪೋ, ಸ್ಕೂಟರು, ಬಂದದ್ದನ್ನೆಲ್ಲ ಮಾಡಿದಳು. ಕರೀ ಪಟ್ಟಿಯನ್ನು ಮಾತ್ರ ಮುಟ್ಟಲಿಲ್ಲ. ಬೋರ್ಡ್ ಬದಲಾಯಿಸು ಅಂದವರಿಗೆಲ್ಲ, "ಅದನ್ನ ಬಳಿಸಿದವ್ರೇ ಬಂದು ಅಳಿಸ್ಬೇಕು" ಅನ್ನುತ್ತಿದ್ದಳು. ಜನ ನಗುತ್ತಿದ್ದರು. ನಗಲಿ. ಅವಳು ಇನ್ನೊಂದು ಪಾಠವನ್ನೂ ಕಲಿತಿದ್ದಳು: ಯಾವ ಸಾಮಾನು ಬದಲಾಯಿಸಿದರೂ ಹಳೇದನ್ನು ಮೊದಲು ಗಿರಾಕಿಯ ಕೈಗಿಟ್ಟು ಆಮೇಲೇ ಹೊಸದನ್ನು ಹಾಕೋದು.

ಅಂಥ ಬೈರಮ್ಮನ ಬಾಗಿಲಿಗೆ ಇವತ್ತು ಗುಂಡಣ್ಣ ತಾನಾಗಿ ಬಂದು ನಿಂತಿದ್ದಾನೆ. ತಲೆಯ ಮೇಲೇ ಆ ಕರೀ ಪಟ್ಟಿ ಇದೆ. ಕತ್ತೆತ್ತಿ ನೋಡೋಕೂ ಅವನಿಗೆ ಪುರುಸೊತ್ತಿಲ್ಲ.

"ಏನೇನು ಮಾಡ್ಸಿದ್ರಿ?" ಬೈರಮ್ಮ ವಿಭಾಳನ್ನು ಕೇಳಿದಳು.

"ಪ್ಲಗ್ ಹೊಸದು ಆಂಟಿ. ಕಾಯಿಲ್ ಹೊಸದು. ಕಾರ್ಬೊರೇಟರ್ ಎರಡು ಸಲ ಬಿಚ್ಚಿದ್ರು. ಒಬ್ಬರಂತೂ ಸ್ಕ್ಯಾನರ್ ಚುಚ್ಚೋಕೆ ಜಾಗ ಹುಡುಕ್ತಾ ಅರ್ಧ ಗಂಟೆ ಸೀಟ್ ಕೆಳಗೇ ಇದ್ರು. ಬರೋ ಭಾನುವಾರ ಬಳಗದ ರ‍್ಯಾಲಿ ಇದೆ, ಜಯನಗರದಿಂದ ತಲಘಟ್ಟಪುರಕ್ಕೆ. ತಾತನಿಗೆ ಸನ್ಮಾನ, ನಮ್ಮ ಗಾಡೀನೇ ಮುಂದೆ ಹೋಗ್ಬೇಕು."

ಬಳಗದ ರ‍್ಯಾಲಿ. ಸನ್ಮಾನ ಬೇರೆ! ಬೈರಮ್ಮನ ಮೈಯೆಲ್ಲ ಉರಿದುಹೋಯಿತು. ಆದರೆ ಗಾಡಿ ಏನು ಮಾಡೀತು ಪಾಪ, ಅದು ಬಾಯಿಲ್ಲದ್ದು. ಬಾನೆಟ್ ಎತ್ತಿ ಇಂಜಿನ್ ಚಾಲೂ ಇಟ್ಟುಕೊಂಡೇ, ಒಣ ಬಟ್ಟೆ ಕೈಗೆ ಸುತ್ತಿಕೊಂಡು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಎಳೆದಳು. ಒಂದನೇದು ಎಳೆದಾಗ ಇಂಜಿನ್ನು ತತ್ತರಿಸಿತು, ಅಂದರೆ ಅದು ಉರಿಯುತ್ತಿದೆ. ಎರಡನೇದೂ ಹಾಗೇ. ಮೂರನೇದು ಎಳೆದರೆ ಏನೂ ಇಲ್ಲ, ಇಂಜಿನ್ನಿಗೆ ಗೊತ್ತೇ ಆಗಲಿಲ್ಲ. ನಾಲ್ಕನೇದಕ್ಕೂ ಇಲ್ಲ. ಬಾನೆಟ್ಟಿಗೂ ತಲೆಗೂ ಸೇರಿಸಿ ಕಂಬಳಿ ಹೊದ್ದು ಕತ್ತಲು ಮಾಡಿಕೊಂಡು ನೋಡಿದಳು. ಹೊರಗೆ ವೈರುಗಳಲ್ಲಿ ಎಲ್ಲೂ ನೀಲಿ ಕಿಡಿ ಹಾರುತ್ತಿಲ್ಲ, ಅಂದರೆ ವೈರು ಸರಿಯಿದೆ.

ಈ ಇಂಜಿನ್ನಿನ ಕ್ಯಾಪಿನಲ್ಲಿ ಮೂರು ಮತ್ತು ನಾಲ್ಕು ಅಕ್ಕಪಕ್ಕದ ಮನೆ. ಅಕ್ಕಪಕ್ಕದ ಎರಡೂ ಒಟ್ಟಿಗೇ ಸತ್ತಿವೆ ಅಂದರೆ ರೋಗ ಮಧ್ಯದ ಗೋಡೆಯಲ್ಲಿದೆ. ಇದನ್ನು ಹೇಳಿಕೊಟ್ಟವನು ಸಂಜೀವಯ್ಯ.

ಇಂಜಿನ್ ಆರಿಸಿ, ಎರಡು ಕ್ಲಿಪ್ಪು ಬಿಡಿಸಿ ಕ್ಯಾಪು ತೆಗೆದಳು.

ಕಂದು ಕ್ಯಾಪು. ಅಂಚಿನಲ್ಲಿ ಅರದಿಂದ ಗೀರಿದ ಮೂರು ಸಣ್ಣ ಗೆರೆ. ಸಂಜೀವಯ್ಯ ತಾನು ಹಾಕಿದ ಪ್ರತಿ ಸಾಮಾನಿಗೂ ಹೀಗೆ ಗೀರುತ್ತಿದ್ದ, ನಾಳೆ ತಕರಾರು ಬಂದರೆ ತನ್ನದು ಅಂತ ಗೊತ್ತಾಗಲಿ ಅಂತ. ನಕಲಿ ಅಂದಿದ್ದರಲ್ಲ! ಆ ನಕಲಿಯನ್ನೇ ಇಪ್ಪತ್ತೊಂದು ವರ್ಷ ಓಡಿಸಿಕೊಂಡಿದ್ದಾನೆ ಈ ಮುದಿ ಗೂಬೆ. ಬೈರಮ್ಮನಿಗೆ ಗಂಡನ ಕೈಬೆರಳನ್ನೇ ಹಿಡಿದಂತಾಯಿತು. ಕ್ಯಾಪನ್ನು ಬೆಳಕಿಗೆ ತಿರುಗಿಸಿದಳು. ಒಳಗೆಲ್ಲ ಕೆಂಪು, ಕೆಂಪಿನ ನಡುವೆ ಕೂದಲೆಳೆಯಂಥ ಕರೀ ಗೆರೆ, ಮೂರರಿಂದ ನಾಲ್ಕಕ್ಕೆ.

"ಏಯ್, ಕುಂಕುಮ ಒರೆಸಬೇಡ!" ಗುಂಡಣ್ಣ ಊರುಗೋಲು ನೆಲಕ್ಕೆ ಕುಟ್ಟಿದ. "ದೇವರದ್ದು ಅದು. ಆ ಏಳು ಜನಕ್ಕೂ ಇದೇ ಹೇಳಿದೀನಿ."

ಅದಕ್ಕೇ ಏಳು ಜನಕ್ಕೂ ರೋಗ ಸಿಕ್ಕಿಲ್ಲ. ದೇವರ ಕುಂಕುಮ ಅಂದಮೇಲೆ ಯಾರು ಕೈಯಿಡುತ್ತಾರೆ? ನೋಡಿಯೂ ನೋಡದ ಹಾಗೆ ಮುಚ್ಚಿ ಕಳಿಸಿದ್ದಾರೆ.

"ಒಳಗ್ಯಾಕೆ ಸಾರ್ ಕುಂಕುಮ?"

"ನಮ್ಮ ತಂದೆ ಕಾಲದ ಪದ್ಧತಿ. ಕಿಡಿ ಹುಟ್ಟೋ ಜಾಗ ಗಾಡಿಗೆ ಗರ್ಭಗುಡಿ ಇದ್ದ ಹಾಗೆ. ಮೊದಲ ಕುಂಕುಮ ಅಲ್ಲಿಗೆ. ಮಧ್ಯ ಇಷ್ಟು ವರ್ಷ ಪೂಜೆಯೆಲ್ಲ ನಮ್ಮ ಸೀತಮ್ಮಂದು, ಅವಳು ಬಾನೆಟ್ ಮೇಲೇ ಇಟ್ಟು ಮುಗಿಸ್ಬಿಡೋಳು. ಹೋದ ವರ್ಷ ತೀರ್ಕೊಂಡ್ಳು. ಈ ಸಲ ಆಯುಧಪೂಜೆಗೆ ನಾನೇ ಕ್ಯಾಪ್ ಬಿಚ್ಚಿ ಕ್ರಮವಾಗಿ ಇಟ್ಟೆ."

ಓಹೋ. ಆ ತಾಯಿ ಇದ್ದಷ್ಟು ದಿನ ಗಾಡಿ ಬದುಕಿತ್ತು. ಬೈರಮ್ಮ ಬಾಯಿ ತೆರೆದಳು. ಎಷ್ಟಾದರೂ ಹೆಂಡತಿ ಸತ್ತ ಮುದುಕ, ಹೇಳಿಬಿಡೋಣ, ಒಳಗೆ ಕುಂಕುಮ ಇಡಬೇಡಿ ಸಾರ್ ಅಂತ ಒಂದು ಮಾತು ಹೇಳಿ ಕಳಿಸೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನೇ ಅಂದ:

"ಮೊದಲು ಕರೀದು ಇತ್ತು, ಅಸಲಿ. ಒಬ್ಬ ಕಳ್ಳ ನನ್ಮಗ ಅದನ್ನ ಹೊಡ್ಕೊಂಡು ಈ ಡೂಪ್ಲಿಕೇಟ್ ಹಾಕಿದ."

"ಯಾರು ಸಾರ್ ಅದು?"

"ಯಾರೋ. ಇಲ್ಲೇ ಎಲ್ಲೋ ಇದ್ದ. ಅಂಥವರ ಹೆಸರೆಲ್ಲ ಯಾರು ನೆನಪಿಟ್ಕೋತಾರೆ?"

ಬೈರಮ್ಮನ ಬಾಯಿ ಮುಚ್ಚಿಕೊಂಡಿತು. ಹೆಸರೂ ನೆನಪಿಲ್ಲ! ಒಬ್ಬನ ಬದುಕನ್ನೇ ಕಾಗದದಲ್ಲಿ ಬರೆದು ಹಾಳು ಮಾಡಿದ್ದೀಯ, ಯಾರನ್ನು ಅಂತಲೂ ನೆನಪಿಲ್ಲವೇನೋ ನಿನಗೆ? ಬೈದಿದ್ದರೆ ಸಹಿಸಬಹುದಿತ್ತು. ಇವತ್ತಿಗೂ ಹೆಸರು ಹಿಡಿದು ಶಪಿಸಿದ್ದರೂ ಸಹಿಸಬಹುದಿತ್ತು.

ಎರಡೂ ಕೈಯಲ್ಲಿ ಕಂದು ಕ್ಯಾಪನ್ನು ವಿಭಾಳಿಗೆ ಕೊಟ್ಟಳು. "ಹಳೇ ಸಾಮಾನು ಮೇಡಂ, ನಿಮ್ಮದು. ಭದ್ರವಾಗಿ ಡಿಕ್ಕಿಯಲ್ಲಿಟ್ಕೊಳ್ಳಿ." ಸಂಜೀವಯ್ಯ ತಂದಿಟ್ಟಿದ್ದ ಹೊಸ ಕ್ಯಾಪೊಂದು ಇನ್ನೂ ಪೆಟ್ಟಿಗೆಯಲ್ಲೇ ಇತ್ತು, ಅದನ್ನೇ ಹಾಕಿದಳು. ಸೆಲ್ಫ್ ಹೊಡೆದರೆ ನಾಲ್ಕೂ ಸಿಲಿಂಡರು ಒಂದೇ ಉಸಿರಲ್ಲಿ ಎದ್ದವು. ಬೀದಿಯವರೆಲ್ಲ ತಿರುಗಿ ನೋಡುವಂಥ ಇಂಪಾದ ಸದ್ದು.

"ಪರವಾಗಿಲ್ಲವೇ!" ಅಂದ ಗುಂಡಣ್ಣ. "ಹೊಸದು ಬಂತಲ್ಲ, ಭಾನುವಾರ ಹೊರಡೋ ಮುಂಚೆ ಎಲ್ಲರ ಎದುರಿಗೆ ಕ್ರಮವಾಗಿ ಪೂಜೆ ಮಾಡ್ತೀನಿ. ಈಗಿನ ಹುಡುಗ್ರಿಗೂ ಪದ್ಧತಿ ಗೊತ್ತಾಗ್ಲಿ."

"ಮಾಡಿ ಸಾರ್" ಅಂದಳು ಬೈರಮ್ಮ. "ಧಾರಾಳವಾಗಿ ಮಾಡಿ."

ಗಂಡ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದ. ಅವಳು ಹಲ್ಲು ಕಚ್ಚಿ ಮುಚ್ಚಿಕೊಂಡಳು. ತಪ್ಪಾ? ತಪ್ಪೇ. ಆಗಲಿ ಬಿಡಿ. ಇಪ್ಪತ್ತೊಂದು ವರ್ಷ ಅವಳು ಸರಿಯಾಗಿಯೇ ಇದ್ದಳಲ್ಲ, ಯಾರು ಬಂದು ಏನು ಕೊಟ್ಟರು?

ಭಾನುವಾರ ಬೆಳಿಗ್ಗೆ ಸಣ್ಣಗೆ ತುಂತುರು. ಬೈರಮ್ಮ ತಲೆಗೆ ಎಣ್ಣೆ ಹಾಕಿ ಬಾಚಿ, ಮದುವೆಗೆ ಉಡುವ ಹಸಿರು ರೇಷ್ಮೆ ಸೀರೆ ಉಟ್ಟು, ಕೈಚೀಲದಲ್ಲಿ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು ಜಯನಗರದ ಮೈದಾನಕ್ಕೆ ಹೋದಳು. ಹಳೇ ಕಾರುಗಳು ಮಿರಮಿರ ಮಿಂಚುತ್ತಾ ಸಾಲಾಗಿ ನಿಂತಿದ್ದವು. ನೋಡೋಕೆ ಬಂದ ಜನರ ನಡುವೆ ಅವಳೂ ನಿಂತಳು. ಅರ್ಧಕ್ಕರ್ಧ ಯಜಮಾನರ ಮುಖ ಅವಳಿಗೆ ಗುರುತಿತ್ತು. ಗೋಣಿ ಪರದೆಯ ಸಂದಿಯಿಂದ ನೋಡಿದ ಮುಖಗಳು, ಈಗ ನೆರೆತಿವೆ. ಧ್ವಜ ಹಿಡಿದು ನಿಂತಿದ್ದವರು ಬಳಗದ ಅಧ್ಯಕ್ಷ ಗುರುಬಸಪ್ಪ. ಅವರ ಗಾಡಿಯ ಕೆಲಸವನ್ನೂ ಸಂಜೀವಯ್ಯನೇ ಮಾಡುತ್ತಿದ್ದ. ಆ ಸುತ್ತೋಲೆ ಓದಿ ಬರೋದು ನಿಲ್ಲಿಸಿದ್ದವರಲ್ಲಿ ಅವರೂ ಒಬ್ಬರು.

ಗುಂಡಣ್ಣ ಪಂಚೆ ಶಲ್ಯದಲ್ಲಿ ಭರ್ಜರಿಯಾಗಿ ಬಂದಿದ್ದ. ಕೊರಳಲ್ಲಿ ಸನ್ಮಾನದ ಹಾರ. ಗಾಡಿಗೆ ಚಕ್ರಕ್ಕೊಂದರಂತೆ ನಿಂಬೆಹಣ್ಣಾಯಿತು, ತೆಂಗಿನಕಾಯಾಯಿತು. ಆಮೇಲೆ ಎಲ್ಲರನ್ನೂ ಹತ್ತಿರ ಕರೆದು ಬಾನೆಟ್ ಎತ್ತಿಸಿದ. "ನೋಡ್ರಪ್ಪ, ಕಿಡಿ ಹುಟ್ಟೋ ಜಾಗ ಇದು" ಅಂತ ಕ್ಲಿಪ್ಪು ಬಿಡಿಸಿ ಕ್ಯಾಪು ತೆಗೆದು, ಬೆಳ್ಳಿ ಬಟ್ಟಲಲ್ಲಿ ನೀರು ಹಾಕಿ ಕಲಸಿದ್ದ ಕುಂಕುಮವನ್ನು ಉಂಗುರಬೆರಳಿಂದ ಒಳಗೆಲ್ಲ ಇಟ್ಟ. ಧಾರಾಳವಾಗಿಯೇ ಇಟ್ಟ. ಜನ ಮೊಬೈಲಲ್ಲಿ ಫೋಟೋ ಹೊಡೆದುಕೊಂಡರು. ಬೈರಮ್ಮ ತುದಿಗಾಲಲ್ಲಿ ನಿಂತು ಕಣ್ತುಂಬ ನೋಡಿದಳು.

ವಿಭಾ ಸೆಲ್ಫ್ ಹೊಡೆದಳು. ಇಂಜಿನ್ನು ಎದ್ದಿತು, ಕೆಮ್ಮಿತು, ಢಮ್ ಅಂತ ಸೈಲೆನ್ಸರಿಂದ ಒಂದು ಪಟಾಕಿ ಹೊಡೆಯಿತು. ಹತ್ತು ಗಜ ತೆವಳಿ, ಸರಿಯಾಗಿ ಗುರುಬಸಪ್ಪನವರ ಧ್ವಜದ ಕೆಳಗೆ ಹೋಗಿ ಸತ್ತಿತು. ಇನ್ನೊಂದು ಸಲ ಹೊಡೆದರೆ ಉಸಿರೇ ಇಲ್ಲ. ಹಿಂದೆ ಮೂವತ್ತು ಕಾರು ಸಾಲುಗಟ್ಟಿ ನಿಂತಿವೆ. ಯಾರೋ ಕಿಸಕ್ಕನೆ ನಕ್ಕರು.

"ಆ ಸಾರಕ್ಕಿ ಹೆಂಗಸು!" ಗುಂಡಣ್ಣ ಕಾರಿನಿಂದ ಇಳಿದು ಕೂಗಿದ, ಮುಖ ಕೆಂಡ. "ಅವಳದೇ ಕಿತಾಪತಿ ಇದು. ಒಳ್ಳೇದನ್ನ ಕದ್ದು ನಕಲಿ ಹಾಕಿದಾಳೆ. ಆ ಕಡೆ ಮೆಕ್ಯಾನಿಕ್‌ಗಳೆಲ್ಲ ಕಳ್ಳರು, ನಾನು ಅವತ್ತೇ ಹೇಳಿರಲಿಲ್ವಾ?"

ಬೈರಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳು ಕಾದದ್ದು ಈ ಮಾತಿಗೇ.

"ಕದ್ದಿದ್ದು ಯಾವುದು ಸಾರ್? ವಿಭಾ ಮೇಡಂ, ನಾನು ಬಿಚ್ಚಿದ ಹಳೇ ಕ್ಯಾಪ್ ಎಲ್ಲಿದೆ?"

ವಿಭಾ ತಾತನ ಮುಖ ನೋಡಿದಳು. ಆಮೇಲೆ ಡಿಕ್ಕಿ ತೆಗೆದು ಕಂದು ಕ್ಯಾಪು ತಂದಳು. "ಆಂಟಿ ಅವತ್ತೇ ನನ್ನ ಕೈಗೆ ಕೊಟ್ಟಿದ್ರು ತಾತ."

ಬೈರಮ್ಮ ಗಾಡಿಗೆ ಹಾಕಿದ್ದ ಹೊಸ ಕ್ಯಾಪನ್ನು ಬಿಚ್ಚಿ ಗುರುಬಸಪ್ಪನವರ ಕೈಗಿಟ್ಟಳು. ಒಳಗೆ ಕುಂಕುಮ ಇನ್ನೂ ಹಸಿ. "ಇದನ್ನ ಇಟ್ಟಿದ್ದು ಯಾರು ಅಂತ ಈಗ ತಾನೇ ಎಲ್ಲರೂ ನೋಡಿದ್ರಿ. ಒದ್ದೆ ಕುಂಕುಮದ ಮೇಲೆ ಕಿಡಿ ಹರಿದುಹೋಗುತ್ತೆ, ಪ್ಲಗ್ಗಿಗೆ ತಲುಪೋದೇ ಇಲ್ಲ." ಪಕ್ಕದಲ್ಲಿ ಕಂದು ಕ್ಯಾಪು ಇಟ್ಟಳು. "ಇದು ಈ ಆಯುಧಪೂಜೆದು. ಅದೇ ಕುಂಕುಮ, ಸುಟ್ಟು ಕರೀ ಗೆರೆ ಬಿದ್ದಿದೆ." ಆಮೇಲೆ ಕೈಚೀಲದಿಂದ ಡಬ್ಬಿ ತೆಗೆದಳು. ಮುಚ್ಚಳ ತುಕ್ಕು ಹಿಡಿದಿತ್ತು, ಸೆರಗಲ್ಲಿ ಹಿಡಿದು ತಿರುಗಿಸಬೇಕಾಯಿತು. "ಇದು ನಿಮ್ಮ ಅಸಲಿ, ಗುಂಡಣ್ಣನವರೇ. ಇಪ್ಪತ್ತೊಂದು ವರ್ಷದ ಹಿಂದಿಂದು. ಅದೇ ಕುಂಕುಮ, ಅದೇ ಗೆರೆ. ಇದನ್ನ ತೋರಿಸೋಕೆ ಅಂತ ಒಬ್ಬ ಮನುಷ್ಯ ನಿಮ್ಮ ಗೇಟ್ ಮುಂದೆ ಬಿಸಿಲಲ್ಲಿ ನಿಂತಿದ್ದ. ನೀವು ಪೊಲೀಸ್ ಕರೀಲಾ ಅಂದ್ರಿ."

ಮೂರೂ ಕ್ಯಾಪುಗಳು ಕೈಯಿಂದ ಕೈಗೆ ಹೋದವು. ಗುರುಬಸಪ್ಪನವರು ಕಂದು ಕ್ಯಾಪಿನ ಅಂಚಿನ ಮೇಲೆ ಬೆರಳಾಡಿಸಿದರು. "ಮೂರು ಗೀರು" ಅಂದರು ಮೆಲ್ಲಗೆ. "ನನ್ನ ಗಾಡಿಯೊಳಗೂ ಇದೆ." ಆಮೇಲೆ ತಲೆ ತಗ್ಗಿಸಿದರು.

"ಆತನ ಹೆಸರೇನು ಸಾರ್?" ಬೈರಮ್ಮ ಗುಂಡಣ್ಣನ ಮುಖಕ್ಕೆ ಮುಖ ಕೊಟ್ಟು ಕೇಳಿದಳು. "ನಿಮ್ಮ ಕೈಯಾರೆ ಬರೆದು ನಲವತ್ತು ಮನೆಗೆ ಹಂಚಿದ್ರಲ್ಲ. ಹೇಳಿ, ಏನು ಹೆಸರು?"

ಗುಂಡಣ್ಣನ ಬಾಯಿಗೆ ಹೆಸರು ಬರಲಿಲ್ಲ. "ನೋಡಮ್ಮ, ಆಗಿದ್ದು ಆಗಿಹೋಯ್ತು. ಎಷ್ಟು ಬೇಕು ಹೇಳು, ಕೊಡ್ತೀನಿ. ಗಾಡಿ ಸ್ಟಾರ್ಟ್ ಮಾಡು ಮೊದಲು."

ಎಷ್ಟು ಬೇಕು! ಬೈರಮ್ಮ ಬಾನೆಟ್ಟಿನ ಒಳಗೆ ಬಾಗಿದಳು. ಎಲ್ಲರೂ ಗಾಡಿ ಸ್ಟಾರ್ಟ್ ಮಾಡುತ್ತಾಳೆ ಅಂದುಕೊಂಡರು. ಅವಳು ಡಿಸ್ಟ್ರಿಬ್ಯೂಟರಿನ ನಡುವೆ ತಿರುಗುವ ರೋಟರನ್ನು, ಹೆಬ್ಬೆರಳಿನಷ್ಟು ದಪ್ಪದ ಸಾಮಾನು ಅದು, ಕಿತ್ತು ಅಂಗೈಯಲ್ಲಿಟ್ಟು ಎತ್ತಿ ತೋರಿಸಿದಳು. ಅದಿಲ್ಲದೆ ಯಾವ ಹಳೇ ಗಾಡಿಯೂ ಚಾಲೂ ಆಗೋದಿಲ್ಲ ಅಂತ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು.

"ಅವತ್ತು ನನ್ನ ಗಂಡ ಏನೂ ತಗೊಂಡಿರ್ಲಿಲ್ಲ, ಕಳ್ಳ ಅಂದ್ರಿ. ಇವತ್ತು ನಾನು ಎಲ್ಲರ ಕಣ್ಣೆದುರಿಗೇ ತಗೊಂಡು ಹೋಗ್ತಿದೀನಿ. ಈಗ ಅನ್ನಿ ಕಳ್ಳಿ ಅಂತ. ಪೊಲೀಸ್ ಬೇಕಾದ್ರೂ ಕರೀರಿ. ಬೇಕು ಅಂದ್ರೆ ನನ್ನ ಅಂಗಡಿಗೆ ನೀವೇ ಬರ್ಬೇಕು, ಬೆಳಿಗ್ಗೆ ಹತ್ತಕ್ಕೆ. ಬರೋವಾಗ ಹೆಸರು ನೆನಪು ಮಾಡ್ಕೊಂಡು ಬನ್ನಿ."

ರೋಟರನ್ನು ಡಬ್ಬಿಗೆ ಹಾಕಿಕೊಂಡು, ಹಿಂತಿರುಗಿ ನೋಡದೆ ನಡೆದಳು. ಅವಳನ್ನು ತಡೆಯಲು ಒಬ್ಬರೂ ಕೈ ಎತ್ತಲಿಲ್ಲ. ಫಿಯಟ್ಟನ್ನು ನಾಲ್ಕು ಜನ ತಳ್ಳಿ ಪಕ್ಕಕ್ಕೆ ನಿಲ್ಲಿಸಿದ ಸದ್ದು ಬೆನ್ನ ಹಿಂದೆ ಕೇಳಿಸಿತು. ಆಮೇಲೆ ಉಳಿದ ಕಾರುಗಳು ಒಂದೊಂದಾಗಿ ಹೊರಟವು.

ರೋಟರ್ ಏನು ಮಹಾ, ಜೆ.ಸಿ. ರಸ್ತೆಯಲ್ಲಿ ಮಾರನೇ ದಿನವೇ ಸಿಗುತ್ತೆ. ಅದು ಬೈರಮ್ಮನಿಗೂ ಗೊತ್ತಿತ್ತು. ಆದರೆ ಸಂಜೆಗೇ ಗುರುಬಸಪ್ಪನವರು ಗುಂಡಣ್ಣನ ಮನೆಗೆ ಹೋಗಿ ಹೇಳಿಬಂದರಂತೆ: ಆಯಮ್ಮನ ಬಾಗಿಲಿಗೆ ಹೋಗಿ ತಪ್ಪು ಒಪ್ಪಿಕೊಳ್ಳುವವರೆಗೆ ಬಳಗದ ಕಡೆ ತಲೆ ಹಾಕಬೇಡಿ. ಹೆಂಡತಿ ಇಲ್ಲದ ಮನೆಯಲ್ಲಿ ಆ ಮುದುಕನಿಗೆ ಇದ್ದದ್ದು ಆ ಬಳಗ ಒಂದೇ.

ಮಂಗಳವಾರ ಹತ್ತಕ್ಕೆ ಸರಿಯಾಗಿ ಆಟೋ ಬಂದು ನಿಂತಿತು. ಗುಂಡಣ್ಣ ಇಳಿದ, ಜೊತೆಗೆ ವಿಭಾ. ಬೈರಮ್ಮ ಕತ್ತೆತ್ತಲಿಲ್ಲ, ಒಳಗೆ ಕೂತು ಟೆಂಪೋದ ಡೈನಮೋ ಬಿಚ್ಚುತ್ತಿದ್ದಳು. ಹತ್ತೂವರೆ ಆಯಿತು, ಹನ್ನೊಂದಾಯಿತು. ಬಿಸಿಲು ಏರಿತು. ಅವನು ಊರುಗೋಲಿನ ಮೇಲೆ ಭಾರ ಹಾಕಿ ನಿಂತೇ ಇದ್ದ.

"ಆಂಟಿ, ಒಂದು ಕುರ್ಚಿನಾದ್ರೂ ಕೊಡಿ" ಅಂದಳು ವಿಭಾ, ಕಣ್ಣಲ್ಲಿ ನೀರು.

"ಅವತ್ತು ನಿಮ್ಮ ಗೇಟ್ ಹೊರಗೆ ಕುರ್ಚಿ ಹಾಕಿರ್ಲಿಲ್ಲ ಕಣಮ್ಮ" ಅಂದಳು ಬೈರಮ್ಮ. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಒಂದು ಸ್ಟೂಲು ತಂದು ಕುಕ್ಕಿದಳು. "ಕೂತ್ಕೊಳ್ಳಿ. ಬಿದ್ದು ಗಿದ್ದು ಹೋದ್ರೆ ನಾನು ಆ ಹೆಸರನ್ನ ಯಾರ ಬಾಯಿಂದ ಹೇಳಿಸ್ಲಿ?"

ಎರಡೂವರೆಗೆ ಕೈ ತೊಳೆದುಕೊಂಡಳು. ಬೋರ್ಡನ್ನು ಅವಳು ಬೆಳಿಗ್ಗೆಯೇ ಇಳಿಸಿ ಗೋಡೆಗೆ ಒರಗಿಸಿಟ್ಟಿದ್ದಳು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯೊಂದನ್ನು ಗುಂಡಣ್ಣನ ಕೈಗಿಟ್ಟಳು.

"ಕುಂಕುಮ ಒರೆಸಬೇಡ ಅಂದ್ರಲ್ಲ, ಒರೆಸೋದು ಬೇಡ. ಇದನ್ನ ಒರೆಸಿ."

ಅವನು ಕರೀ ಪಟ್ಟಿ ನೋಡಿದ, ಬಟ್ಟೆ ನೋಡಿದ. ಸ್ಟೂಲು ಮುಂದಕ್ಕೆ ಎಳೆದುಕೊಂಡು ಒರೆಸತೊಡಗಿದ. ಮೊದಲು ಏನೂ ಬರಲಿಲ್ಲ, ಅಂಗೈಯೆಲ್ಲ ಮಸಿಯಾಯಿತು. ಉಜ್ಜುತ್ತಾ ಉಜ್ಜುತ್ತಾ ಡಾಂಬರು ಕರಗಿ ಇಳಿಯಿತು. ಕೆಳಗಿನ ಬಣ್ಣ ಹಳೇ ಕಾಲದ ಎನಾಮಲ್ಲು, ಕೊಂಚವೂ ಮಾಸಿರಲಿಲ್ಲ. ಹಳದಿ ಮೇಲೆ ಕೆಂಪು ಅಕ್ಷರ. ಮೊದಲು 'ಸಂ' ಬಂತು. ವಿಭಾ ಇನ್ನೊಂದು ಬಟ್ಟೆ ತಗೊಳ್ಳಲು ಕೈ ಚಾಚಿದಳು. ಬೈರಮ್ಮ ಬೇಡ ಅಂತ ತಲೆಯಾಡಿಸಿದಳು. ಪೂರ್ತಿ ಹೆಸರು ಕಾಣೋದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೊತ್ತಿಗೆ ಸೊಪ್ಪಿನವರು, ಜೆರಾಕ್ಸ್ ಅಂಗಡಿಯವನು, ಆಟೋದವರು, ಎಲ್ಲ ಸುತ್ತ ಸೇರಿದ್ದರು.

"ಓದಿ ಸಾರ್."

"ಸಂಜೀವಯ್ಯ" ಅಂದ ಗುಂಡಣ್ಣ. ಗಂಟಲಲ್ಲೇ ಉಳಿಯಿತು ದನಿ.

"ಬಾಲ್ಕನಿಯಿಂದ ಅಂದ್ರಲ್ಲ, ಹಂಗೆ ಜೋರಾಗಿ. ಮಾರ್ಕೆಟ್ಟಿಗೆ ಕೇಳಿಸ್ಬೇಕು."

"ಸಂಜೀವಯ್ಯ!" ಅವನು ಮುಖ ಎತ್ತಿ ಕೂಗಿದ. ಆಮೇಲೆ ತಾನಾಗಿಯೇ, ಯಾರೂ ಕೇಳದೆಯೇ, "ಸಂಜೀವಯ್ಯ ಕದ್ದಿರ್ಲಿಲ್ಲ" ಅಂದ.

ಬೈರಮ್ಮನಿಗೆ ಇಪ್ಪತ್ತೊಂದು ವರ್ಷದ ಅಳು ಒಟ್ಟಿಗೇ ಬಂತು. ಇವನ ಎದುರಿಗೆ ಅಳಬಾರದು ಅಂತ ಒಳಗೆ ಹೋಗಿ, ಗಂಡನ ಫೋಟೋದ ಮುಂದಿದ್ದ ಡಬ್ಬಿಯಿಂದ ರೋಟರ್ ತೆಗೆದು, ಮುಖ ಒರೆಸಿಕೊಂಡು ಬಂದಳು. ಮಸಿ ಹಿಡಿದ ಅವನ ಅಂಗೈಯಲ್ಲಿ ಅದನ್ನಿಟ್ಟಳು.

ಗುಂಡಣ್ಣ ಆಟೋ ಹತ್ತುವಾಗ ತಡೆದು ನಿಂತ. "ಮತ್ತೆ ಗಾಡಿ ಕೆಟ್ರೆ... ಬರಬಹುದೇನಮ್ಮ?"

"ಬನ್ನಿ ಸಾರ್, ಯಾಕೆ ಬರಬಾರದು?" ಅಂದಳು ಬೈರಮ್ಮ. ಬೋರ್ಡಿನ ಒಂದು ತುದಿ ಜೆರಾಕ್ಸ್ ಅಂಗಡಿಯವನ ಕೈಗೆ ಕೊಟ್ಟು ಇನ್ನೊಂದನ್ನು ತಾನು ಎತ್ತಿಕೊಂಡಳು. "ಪ್ರತಿ ಸಲ ಬಂದಾಗಲೂ ಹೊರಗೆ ನಿಂತು ಇದನ್ನ ಜೋರಾಗಿ ಓದಿ. ಕೇಳಿಸಿದ ಮೇಲೆ ಒಳಗೆ ಕರೀತೀನಿ."